ಮಾರನೇ ದಿನ ಚೆನ್ನಾಗಿದ್ದ ಬಾಟಲಿ

ಶಾರ್ಡನೇ ಅನ್ನುವ ಬಿಳಿ ವೈನ್ ಅಂದರೆ ನನ್ನ ಗೆಳೆಯನ ಲೆಕ್ಕದಲ್ಲಿ ಒಂದೇ ರುಚಿ. ಬೆಣ್ಣೆ, ವೆನಿಲಾ, ಸುಟ್ಟ ಮರದ ಘಮ. ಅವನು ಹಾಗಂದುಕೊಂಡಿದ್ದರಲ್ಲಿ ಆಶ್ಚರ್ಯವಿಲ್ಲ. ಒಂದು ಕಾಲದಲ್ಲಿ ಕ್ಯಾಲಿಫೋರ್ನಿಯಾ, ಆಸ್ಟ್ರೇಲಿಯಾಗಳಿಂದ ಅಂಥದ್ದು ಎಷ್ಟು ಬಂತೆಂದರೆ, ಜನ ಬೇಸತ್ತು ‘ಶಾರ್ಡನೇ ಒಂದು ಬಿಟ್ಟು ಬೇರೆ ಏನಾದರೂ ಕೊಡಿ’ ಅನ್ನತೊಡಗಿದ್ದರು. ಇವನಿಗೆ ಮಾತ್ರ ಇನ್ನೂ ಬೇಸರ ಬಂದಿರಲಿಲ್ಲ. ನನಗೋ, ವೈನ್ ಕೂಡಿಡುವ ತಂಪು ಕೋಣೆಯಲ್ಲಿ, ಅಂದರೆ ಸೆಲ್ಲರ್‌ನಲ್ಲಿ ವರ್ಷಗಟ್ಟಲೆ ಇಟ್ಟು ಕುಡಿಯುವಂಥದ್ದು ಬೇಕಿತ್ತು. ಅರ್ಧರ್ಧ ದುಡ್ಡು ಹಾಕಿ ಒಂದು ಕೇಸ್, ಅಂದರೆ ಹನ್ನೆರಡು ಬಾಟಲಿ ಕೊಳ್ಳೋಣ, ಅದಕ್ಕೆ ಮೊದಲು ನಾಲ್ಕು ಬಾಟಲಿ ರುಚಿ ನೋಡೋಣ ಅಂತ ಒಪ್ಪಂದವಾಯಿತು.

ಕ್ಯಾಲಿಫೋರ್ನಿಯಾದ್ದು ಒಂದು, ಅವನ ಆಯ್ಕೆ. ಫ್ರಾನ್ಸಿನ ಬರ್ಗಂಡಿಯಿಂದ ಎರಡು: ಒಂದು ಶಬ್ಲಿ ಪ್ರೀಮಿಯರ್ ಕ್ರೂ (ಅಲ್ಲಿನ ತೋಟಗಳ ಮೇಲಿನಿಂದ ಎರಡನೇ ದರ್ಜೆ), ಇನ್ನೊಂದು ಸೇಂಟ್ ಓಬಾಂ ಪ್ರೀಮಿಯರ್ ಕ್ರೂ. ನಾಲ್ಕನೆಯದು ಪಶ್ಚಿಮ ಆಸ್ಟ್ರೇಲಿಯಾದ ಮಾರ್ಗರೆಟ್ ರಿವರ್‌ನದ್ದು. ಲೇಬಲ್ ಕಾಣದಂತೆ ಪೇಪರ್ ಸುತ್ತಿ ನಂಬರ್ ಹಾಕಿದೆವು. ಫ್ರಿಜ್‌ನಿಂದ ಸ್ವಲ್ಪ ಮೊದಲೇ ಹೊರಗೆ ತೆಗೆದಿಟ್ಟಿದ್ದೆ. ತೀರಾ ತಣ್ಣಗಿದ್ದರೆ ಎಲ್ಲಾ ಬಿಳಿ ವೈನೂ ಒಂದೇ ಥರ. ಗಂಭೀರವಾದ ಶಾರ್ಡನೇಗೆ 11ರಿಂದ 13 ಡಿಗ್ರಿ ಸರಿ.

ಮೊದಲ ಗ್ಲಾಸಿನಲ್ಲಿ ಬೆಣ್ಣೆ ಎದ್ದು ಬಂತು. ಗೆಳೆಯನ ಮುಖ ಅರಳಿತು. “ಇದೇ ಕಣೋ, ಇನ್ನೇನು ಬೇಕು?” ಅಂದ. ಚೆನ್ನಾಗಿತ್ತು, ಸುಳ್ಳು ಹೇಳಲಾರೆ. ಆದರೆ ಆ ಘಮ ಹಣ್ಣಿನದ್ದಲ್ಲ. ಶಾರ್ಡನೇ ದ್ರಾಕ್ಷಿಗೆ ತನ್ನದೇ ಜೋರು ಪರಿಮಳ ಇಲ್ಲ. ವೈನ್ ಮಾಡುವವರು ಏನು ಮಾಡುತ್ತಾರೋ ಅದು ನೇರವಾಗಿ ಕಾಣಿಸುತ್ತದೆ. ಮ್ಯಾಲೋಲ್ಯಾಕ್ಟಿಕ್ ಹುದುಗುವಿಕೆಯಲ್ಲಿ ಬ್ಯಾಕ್ಟೀರಿಯಾಗಳು ಹಸಿರು ಸೇಬಿನ ಚುರುಕು ಹುಳಿಯನ್ನು ಮೊಸರಿನ ಮೆತ್ತನೆ ಹುಳಿಯಾಗಿ ಬದಲಿಸುತ್ತವೆ. ಆಗ ಹುಟ್ಟುವ ಡೈಅಸಿಟೈಲ್‌ನಿಂದ ಬೆಣ್ಣೆಯ ವಾಸನೆ. ವೆನಿಲಾ ಬರುವುದು ಹೊಸ ಓಕ್ ಬ್ಯಾರೆಲ್‌ನಿಂದ. ಎರಡೂ ಬೇಡ ಅಂತಲ್ಲ, ಬರ್ಗಂಡಿಯ ದೊಡ್ಡ ವೈನ್‌ಗಳಿಗೂ ಇವೆರಡೂ ಬೇಕು. ಕೆಳಗೆ ಅದನ್ನು ಹೊರುವಷ್ಟು ಹುಳಿ, ಹಣ್ಣು ಇದೆಯಾ ಅನ್ನೋದೇ ಪ್ರಶ್ನೆ.

ಎರಡನೇ ಗ್ಲಾಸಿಗೆ ಅವನು ಮೂಗು ಮುರಿದ. “ಬೆಂಕಿಕಡ್ಡಿ ಗೀರಿದ ಹಾಗಿದೆಯಲ್ಲೋ. ಹಾಳಾಗಿದೆಯಾ?”

ಹಾಳಾಗಿರಲಿಲ್ಲ. ವೈನ್ ತಳದ ಯೀಸ್ಟ್ ಗಸಿಯ ಮೇಲೆ, ಗಾಳಿ ಹೆಚ್ಚು ತಾಗದೆ ಕೂತಾಗ ಒಂದಷ್ಟು ಗಂಧಕದ ಸಂಯುಕ್ತಗಳು ಉಳಿಯುತ್ತವೆ. ಹದವಾಗಿದ್ದರೆ ಈ ಬೆಂಕಿಕಡ್ಡಿ ವಾಸನೆ ನನಗೆ ಇಷ್ಟ. ಅತಿಯಾದರೆ ಬೇಯಿಸಿದ ಕೋಸಿನ ನಾತ. ಈಗೀಗ ಕೆಲವರು ಫ್ಯಾಶನ್‌ಗೆಂದೇ ಅದನ್ನು ಜಾಸ್ತಿ ಮಾಡುತ್ತಾರೆ, ಅದು ಬೆಣ್ಣೆಯಷ್ಟೇ ಬೇಗ ಬೇಸರ ತರಿಸುತ್ತದೆ. ಇದು ಹಾಗಿರಲಿಲ್ಲ. ಗ್ಲಾಸನ್ನು ಆಗಾಗ ತಿರುಗಿಸುತ್ತಾ ಕೂತೆವು. ಸ್ವಲ್ಪ ಹೊತ್ತಿಗೆ ಹೊಗೆ ಹಿಂದೆ ಸರಿದು ನಿಂಬೆ ಸಿಪ್ಪೆ, ಹಸಿ ಬಾದಾಮಿ ಮುಂದೆ ಬಂದವು. ನುಂಗಿದ ಮೇಲೂ ನಾಲಿಗೆಯ ಎರಡೂ ಬದಿಯಲ್ಲಿ ನೀರೂರುತ್ತಲೇ ಇತ್ತು.

ಮೂರನೆಯದು ಶಬ್ಲಿ ಅಂತ ಪೇಪರ್ ಬಿಚ್ಚುವ ಮೊದಲೇ ಗೊತ್ತಾಯಿತು. ತೆಳು, ಚೂಪು, ಕೊನೆಗೆ ಉಪ್ಪಿನ ಅಂಚು. ಅಲ್ಲಿನ ಕಿಮ್ಮೆರಿಡ್ಜಿಯನ್ ಸುಣ್ಣಮಣ್ಣಿನಲ್ಲಿ ಪುಟ್ಟ ಸಿಂಪಿ ಚಿಪ್ಪುಗಳ ಪಳೆಯುಳಿಕೆಗಳಿವೆ. ಅದರ ರುಚಿಯೇ ವೈನ್‌ಗೆ ಬರುತ್ತದೆ ಅಂತ ಮಾರುವವರು ಹೇಳುತ್ತಾರೆ. ನಾನಂತೂ ನಂಬಲ್ಲ. ಬೇರು ಚಿಪ್ಪಿನ ರುಚಿಯನ್ನು ಹೀರಿ ಹಣ್ಣಿಗೆ ಕಳಿಸುವುದಿಲ್ಲ. ತಂಪು ಹವೆಯಿಂದ ಉಳಿಯುವ ಹುಳಿ, ಕಮ್ಮಿ ಓಕ್, ಇವುಗಳ ಪಾಲೇ ದೊಡ್ಡದು. ನಾಲ್ಕನೇ ಗ್ಲಾಸು ತುಂಬಿದ ಮೈಯದ್ದು. ಮಾರ್ಗರೆಟ್ ರಿವರ್‌ನಲ್ಲಿ ಹೆಚ್ಚಾಗಿ ಬೆಳೆಯುವುದು ಶಾರ್ಡನೇಯದ್ದೇ ಗಿಂಜಿನ್ ಅನ್ನುವ ಉಪತಳಿ. ಅದರ ಗೊಂಚಲಲ್ಲಿ ದಪ್ಪ ಹಣ್ಣಿನ ಜೊತೆ ಪುಟಾಣಿ ಹಣ್ಣೂ ಬೆರೆತಿರುತ್ತವೆ. ಹಾಗಾಗಿ ರಸ ಕಮ್ಮಿ, ಗಟ್ಟಿತನ ಜಾಸ್ತಿ.

ಆ ರಾತ್ರಿ ಮತ ಹಾಕಿದ್ದರೆ ಕ್ಯಾಲಿಫೋರ್ನಿಯಾದ್ದು ಗೆದ್ದುಬಿಡುತ್ತಿತ್ತೇನೋ. ಅವನು ವಾದಕ್ಕೂ ರೆಡಿ ಇದ್ದ. “1976ರಲ್ಲಿ ಪ್ಯಾರಿಸ್‌ನ ವೈನ್ ರುಚಿ ಪಂದ್ಯದಲ್ಲಿ ಕ್ಯಾಲಿಫೋರ್ನಿಯಾದವರು ಫ್ರೆಂಚರನ್ನೇ ಸೋಲಿಸಿದ್ದು ಮರೆತೆಯಾ?” ನಿಜ, ಬಿಳಿ ವೈನ್‌ಗಳಲ್ಲಿ ಗೆದ್ದಿದ್ದು ಕ್ಯಾಲಿಫೋರ್ನಿಯಾದ ಶಾಟೋ ಮೊಂಟೆಲೀನಾದ 1973ರ ಶಾರ್ಡನೇ. ಆದರೆ ಮೊಂಟೆಲೀನಾದವರು ಶಾರ್ಡನೇಗೆ ಮ್ಯಾಲೋಲ್ಯಾಕ್ಟಿಕ್ ಆಗಲು ಬಿಡುವುದೇ ಇಲ್ಲ, ಅವರ ವೈನ್‌ನಲ್ಲಿ ಇವನಿಗೆ ಬೇಕಾದ ಬೆಣ್ಣೆ ಸಿಗಲ್ಲ ಅಂದೆ. ಸುಮ್ಮನಾದ.

ಉಳಿದ ಅರ್ಧರ್ಧ ಬಾಟಲಿಗಳನ್ನು ಮುಚ್ಚಿ ಫ್ರಿಜ್‌ನಲ್ಲಿಟ್ಟೆವು. ಕೊಳ್ಳುವ ತೀರ್ಮಾನ ಮರುದಿನಕ್ಕೆ. ಸೆಲ್ಲರ್‌ಗೆ ಅಂತ ಆರಿಸುವಾಗ ನಾನು ನಂಬುವುದು ಇದನ್ನೇ. ತೆರೆದ ಬಾಟಲಿಗೆ ತಾಗುವ ಗಾಳಿಯೂ ಹತ್ತು ವರ್ಷದ ಕಾಯುವಿಕೆಯೂ ಒಂದೇ ಅಲ್ಲ, ಒಪ್ಪುತ್ತೇನೆ. ಆದರೆ ಒಂದು ರಾತ್ರಿ ತಡೆಯದ ವೈನ್ ಮೇಲೆ ದುಡ್ಡು ಹಾಕಲು ನನಗೆ ಮನಸ್ಸು ಬರಲ್ಲ.

ಮರುದಿನ ಸಂಜೆ ಮೊದಲ ಬಾಟಲಿಯಲ್ಲಿ ಹಣ್ಣೇ ಇರಲಿಲ್ಲ. ಮರದ ಒಗರು, ಗಂಟಲಲ್ಲಿ ಆಲ್ಕೋಹಾಲ್‌ನ ಬಿಸಿ, ಅಷ್ಟೇ. ಅದನ್ನು ಹೇಳಿದ್ದು ನಾನಲ್ಲ, ಅವನೇ. ಶಬ್ಲಿ ಸ್ವಲ್ಪ ಮೈ ತುಂಬಿಕೊಂಡಿತ್ತು. ಮಾರ್ಗರೆಟ್ ರಿವರ್‌ನದ್ದು ಇದ್ದ ಹಾಗೇ ಇತ್ತು, ಅದೂ ಒಳ್ಳೆ ಲಕ್ಷಣವೇ. ಎರಡನೇ ಗ್ಲಾಸಿನದ್ದು, ಸೇಂಟ್ ಓಬಾಂ ಮಾತ್ರ ಹಿಂದಿನ ರಾತ್ರಿಗಿಂತ ಚೆನ್ನಾಗಿತ್ತು. ಬೆಂಕಿಕಡ್ಡಿ ಪೂರ್ತಿ ಹೋಗಿ, ಹುರಿದ ಹೇಝಲ್‌ನಟ್ ಥರದ್ದೇನೋ ಆಗಲೇ ಇಣುಕುತ್ತಿತ್ತು. ಪ್ಯುಲಿನಿ, ಶಸಾನ್ ಅನ್ನುವ ಹೆಸರಾಂತ ಊರುಗಳ ಹಿಂದಿನ ಕಣಿವೆಯ ಹಳ್ಳಿ ಅದು. ಎತ್ತರ, ತಂಪು. ಬಿಸಿಲು ಏರುತ್ತಿರುವ ಈ ಕಾಲದಲ್ಲಿ ಆ ತಂಪೇ ಅನುಕೂಲ. ಮುಂದಿನ ಸಾಲಿನ ಊರುಗಳ ಹೆಸರಿಗೆ ಕೊಡುವಷ್ಟು ದುಡ್ಡನ್ನು ಇಲ್ಲಿ ಕೊಡಬೇಕಿಲ್ಲ.

ಇನ್ನು ಬಿರಡೆ. 1990ರ ದಶಕದ ನಡುವಿನಿಂದೀಚೆಗಿನ ಎಷ್ಟೋ ಬಿಳಿ ಬರ್ಗಂಡಿಗಳು ಹತ್ತು ವರ್ಷ ತುಂಬುವ ಮೊದಲೇ ಕಂದುಬಣ್ಣಕ್ಕೆ ತಿರುಗಿ, ಕೊಳೆತ ಸೇಬಿನ ವಾಸನೆ ಬಂದು, ಕೂಡಿಟ್ಟವರ ಹೊಟ್ಟೆ ಉರಿಸಿದ್ದವು. ಕಾರ್ಕ್‌ನ ದೋಷ, ಕೆಡದಂತೆ ಹಾಕುವ ಗಂಧಕ ಕಮ್ಮಿಯಾದದ್ದು, ಹೀಗೆ ಕಾರಣ ಹಲವು ಹೇಳುತ್ತಾರೆ. ಆಮೇಲೆ ಬರ್ಗಂಡಿಯ ಎಷ್ಟೋ ವೈನ್ ತಯಾರಕರು ಕಾರ್ಕ್ ಪುಡಿಯನ್ನು ಶುದ್ಧಮಾಡಿ ಒತ್ತಿ ತಯಾರಿಸುವ ಡಿಯಾಮ್ ಬಿರಡೆಗೆ ಬದಲಾದರು. ನಾವು ತೆರೆದ ಸೇಂಟ್ ಓಬಾಂ ಬಿರಡೆಯ ಮೇಲೂ ಡಿಯಾಮ್ ಅಂತಲೇ ಇತ್ತು. ಮಾರ್ಗರೆಟ್ ರಿವರ್‌ನದ್ದು ಸ್ಕ್ರೂ ಕ್ಯಾಪ್, ಅದರ ಚಿಂತೆಯೇ ಇಲ್ಲ.

ಕೊನೆಗೆ ಸೇಂಟ್ ಓಬಾಂ, ಮಾರ್ಗರೆಟ್ ರಿವರ್ ಎರಡರದ್ದೂ ಆರಾರು ಬಾಟಲಿ ತೆಗೆದುಕೊಂಡೆವು. ಒಂದೇ ಬಾಟಲಿ ಕೂಡಿಟ್ಟರೆ ಅದು ಯಾವಾಗ ಹದಕ್ಕೆ ಬಂತು ಅಂತ ತಿಳಿಯುವುದು ಹೇಗೆ, ಅಲ್ವಾ? 12 ಡಿಗ್ರಿ ಆಸುಪಾಸಿನ ಕತ್ತಲಲ್ಲಿ ಮಲಗಿಸಿದ್ದೇವೆ. ಮೂರನೇ ವರ್ಷ ಮೊದಲನೆಯದು, ಆಮೇಲೆ ರುಚಿ ನೋಡಿಕೊಂಡು. ಗೆಳೆಯ ಈಗ ಮ್ಯಾಗ್ನಮ್ ಬೇಕು ಅಂತ ಹಠ ಹಿಡಿದಿದ್ದಾನೆ. ಒಂದೂವರೆ ಲೀಟರ್ ಬಾಟಲಿಯಲ್ಲಿ ವೈನ್ ನಿಧಾನಕ್ಕೆ ಮಾಗುತ್ತದೆ ಅನ್ನುವುದೇನೋ ಸರಿ. ತೆರೆದ ದಿನ ಅಷ್ಟನ್ನೂ ಕುಡಿಯಲು ಯಾರನ್ನು ಕರೆಯೋದು ಅಂತ ಕೇಳಿದರೆ ಉತ್ತರವಿಲ್ಲ.