ವೇನ್ (ರಕ್ತನಾಳ) ಸಿಗದಿದ್ದರೆ ಎಷ್ಟು ಹೊತ್ತು ಹುಡುಕೋದು?

ಮಕ್ಕಳ ಎಮರ್ಜೆನ್ಸಿಯಲ್ಲಿ ನರ್ಸ್ ಆಗಿದ್ದೇನೆ. ಹೊಸದಾಗಿ ಸೇರಿದವರಿಗೆ ನಾನು ಮೊದಲು ಹೇಳುವುದು ಇಷ್ಟೇ: ಕ್ಯಾನುಲಾ (ಒಳಗೆ ಸೂಜಿ ಇರುವ, ವೇನ್‌ಗೆ ಹಾಕುವ ಸಣ್ಣ ಕೊಳವೆ) ಕೈಗೆತ್ತಿಕೊಳ್ಳುವ ಮೊದಲೇ, ಯಾವಾಗ ಕೈಬಿಡಬೇಕು ಅಂತ ತೀರ್ಮಾನ ಮಾಡಿಕೊಳ್ಳಿ.

ವಾಂತಿ ಭೇದಿಯಾಗಿ ಶಾಕ್‌ಗೆ ಹೋದ, ಅಂದರೆ ದೇಹಕ್ಕೆ ಸಾಕಷ್ಟು ರಕ್ತ ಹರಿಯದ ಸ್ಥಿತಿ ತಲುಪಿದ ಮಗುವಿನ ಕೈಕಾಲು ತಣ್ಣಗಿರುತ್ತವೆ. ಹೃದಯ, ಮೆದುಳಿಗೆ ರಕ್ತ ಉಳಿಸಲು ದೇಹ ಚರ್ಮದ ಕೆಳಗಿನ ನಾಳಗಳನ್ನು ಬಿಗಿ ಮಾಡಿರುತ್ತದೆ. ಹಾಗಾಗಿ ಐವಿ ಲೈನ್ (ವೇನ್ ಮೂಲಕ ಡ್ರಿಪ್, ಔಷಧಿ ಕೊಡುವ ದಾರಿ) ಜಾಸ್ತಿ ಬೇಕಾದ ಮಗುವಿನಲ್ಲೇ ವೇನ್ ಸಿಗುವುದು ಕಷ್ಟ.

ಕೈಯಲ್ಲಿ ಕಾಣದಿದ್ದರೆ ನಾನು ಕಾಲಿಗೆ ಹೋಗುತ್ತೇನೆ. ಪಾದದ ಕೀಲಿನ ಒಳಬದಿಯಲ್ಲಿ ಉಬ್ಬಿದ ಮೂಳೆ ಇದೆಯಲ್ವಾ, ಅದರ ಸ್ವಲ್ಪ ಮುಂದೆ ಸಫೀನಸ್ ವೇನ್ ಹೋಗುತ್ತದೆ. ಕಣ್ಣಿಗೆ ಕಾಣದಿದ್ದರೂ ಸಾಮಾನ್ಯವಾಗಿ ಅಲ್ಲೇ ಇರುತ್ತದೆ. ಪುಟ್ಟ ಮಕ್ಕಳಿಗೆ ಹಳದಿ ಬಣ್ಣದ, ಸಣ್ಣ ಅಳತೆಯ 24 ಗೇಜ್ ಕ್ಯಾನುಲಾ ಸಾಕು. ಶಾಕ್‌ನಲ್ಲಿ ಕ್ಯಾನುಲಾದೊಳಗೆ ರಕ್ತ ಕಾಣುವುದು ತಡ. ಕಾಯದೆ ತಳ್ಳಿದರೆ ನಾಳದ ಆಚೆ ಬದಿ ತೂತಾಗುತ್ತದೆ. ರಕ್ತ ಕಂಡ ತಕ್ಷಣ ಸೂಜಿ ಎಳೆಯಬೇಡಿ. ಸೂಜಿಯ ತುದಿ ಕೊಳವೆಗಿಂತ ಮುಂದಿರುತ್ತದೆ. ಇನ್ನೊಂದೆರಡು ಮಿಲಿಮೀಟರ್ ಒಳಗೆ ಹೋಗಿ, ಆಮೇಲೆ ಕೊಳವೆಯನ್ನಷ್ಟೇ ಜಾರಿಸಿ. ಕಾಲನ್ನು ಅಲುಗದಂತೆ ಹಿಡಿಯುವವರ ಕೈ ಪಳಗಿರಬೇಕು. ಅರ್ಧ ಕೆಲಸ ಅವರದ್ದೇ.

ಇಲ್ಲೇ ಎಲ್ಲರೂ ಸಿಕ್ಕಿಹಾಕಿಕೊಳ್ಳುವುದು. "ಇನ್ನೊಂದು ಸಲ ನೋಡ್ತೀನಿ, ಸಿಗುತ್ತೆ" ಅನ್ನಿಸುತ್ತದೆ. ಬಗ್ಗಿ ಹುಡುಕುವವರಿಗೆ ನಿಮಿಷ ಸರಿದದ್ದು ತಿಳಿಯುವುದಿಲ್ಲ. ಅದಕ್ಕೇ ಗಡಿಯಾರ ನೋಡುವ ಕೆಲಸ ಬೇರೆಯವರಿಗೆ ಕೊಡಬೇಕು. ಅವರು ಸಾಕು ಅಂದರೆ ಸಾಕು, ಹೇಳಿದವರು ಎಷ್ಟೇ ಜೂನಿಯರ್ ಆಗಿರಲಿ.

ಆಮೇಲೆ ಐಓ, ಅಂದರೆ ಮೂಳೆಯ ಮಜ್ಜೆಗೇ ಸೂಜಿ. ಹೃದಯ ನಿಂತ ಮಗುವಿಗೆ ವೇನ್ ಹುಡುಕುತ್ತಾ ಕೂರದೆ ನೇರವಾಗಿ ಇದನ್ನೇ ಹಾಕಬಹುದು. ಮಂಡಿಚಿಪ್ಪಿನ ಕೆಳಗಿನ ಉಬ್ಬಿನಿಂದ 1-2 ಸೆಂಟಿಮೀಟರ್ ಕೆಳಗೆ, ಒಳಬದಿಯ ಸಮತಟ್ಟಾದ ಮೂಳೆ ಇದಕ್ಕೆ ಒಳ್ಳೆಯ ಜಾಗ. ಒಳಹೊಕ್ಕಾಗ ಬಿಗಿ ತಟ್ಟನೆ ಸಡಿಲವಾಗುತ್ತದೆ, ಸೂಜಿ ತಾನಾಗಿ ನಿಲ್ಲುತ್ತದೆ. ಸಲೈನ್ ಸಲೀಸಾಗಿ ಹೋಗಬೇಕು. ಮೀನಖಂಡ ಊದುತ್ತಿಲ್ಲ ಅಂತ ಮುಟ್ಟಿ ನೋಡುತ್ತಿರಿ. ಅಡ್ರಿನಲಿನ್, ರಕ್ತ, ಡ್ರಿಪ್ ಎಲ್ಲವನ್ನೂ ಇದರಲ್ಲೇ ಕೊಡಬಹುದು. ಆದರೆ ಮುರಿದ ಮೂಳೆಗೆ ಹಾಕುವಂತಿಲ್ಲ.

ಮೂಳೆಗೆ ಸೂಜಿ ಅಂದರೆ ಅಪ್ಪ ಅಮ್ಮ ಬೆಚ್ಚಿಬೀಳುತ್ತಾರೆ. ಸಹಜ. "ಔಷಧಿ ಈಗಲೇ ಒಳಗೆ ಹೋಗಬೇಕು, ಇದು ಬೇಗ ಆಗುವ ದಾರಿ" ಅಂತ ಯಾರಾದರೂ ಒಬ್ಬರು ಪಕ್ಕದಲ್ಲಿ ನಿಂತು ಹೇಳಲೇಬೇಕು.

ಡ್ರಿಪ್ ಹೋಗಿ ಮಗು ಬೆಚ್ಚಗಾದ ಮೇಲೆ, ಮೊದಲು ಕಾಣದ ವೇನ್‌ಗಳು ಎಷ್ಟೋ ಸಲ ತಾವಾಗಿ ತುಂಬಿಕೊಳ್ಳುತ್ತವೆ. ಆಗ ಐವಿ ಹಾಕಿ, ಐಓ ಸೂಜಿಯನ್ನು 24 ಗಂಟೆಯೊಳಗೆ ತೆಗೆದುಬಿಡಿ.