ಓನರ್ ಇಲ್ಲದ ಅಂಗಳ

ವೈರ್ ಕಿತ್ತುಹೋದ ಹೆಡ್‌ಫೋನ್ ಹಿಡಿದು ಇವತ್ತು ಸ್ಯಾನ್ ಫ್ರಾನ್ಸಿಸ್ಕೋದ ನಾಯ್ಸ್‌ಬ್ರಿಜ್‌ಗೆ ಹೋಗಿದ್ದೆ. ಜನ ಸೇರಿ ಎಲೆಕ್ಟ್ರಾನಿಕ್ಸ್ ಅದೂ ಇದೂ ಮಾಡುತ್ತಾ ಕಲಿಯುವ ಹ್ಯಾಕರ್‌ಸ್ಪೇಸ್ ಅದು. ಸೋಮವಾರ ಅಲ್ವಾ, ಬೆಸುಗೆ ಹಾಕುವುದನ್ನು ಹೇಳಿಕೊಡುತ್ತಾರೆ.

"ಇಲ್ಲಿ ಓನರ್ ಯಾರು?" ಅಂತ ಕೇಳಿಬಿಟ್ಟೆ. ಪಕ್ಕದವರು ನಕ್ಕರು. 2007ರಲ್ಲಿ ಶುರುವಾದ ಜಾಗವಂತೆ. ನಡೆಸುವವರು ಸದಸ್ಯರೇ. ದೊಡ್ಡ ತೀರ್ಮಾನಕ್ಕೆ ಎಲ್ಲರ ಒಪ್ಪಿಗೆ ಬೇಕು. ಚಿಕ್ಕ ಕೆಲಸಕ್ಕೆ ಯಾರ ಅಪ್ಪಣೆಯೂ ಬೇಡ, ಕಂಡವರು ಮಾಡುವುದು.

ಮೊದಲ ಬೆಸುಗೆ ಗೋಲಿಯಂತೆ ಉಂಡೆ ಕಟ್ಟಿತು. ತಂತಿಯನ್ನೇ ಮೊದಲು ಕಾಯಿಸಿ, ಆಮೇಲೆ ಸೀಸ ಮುಟ್ಟಿಸಿ ಅಂದರು. ಆಹಾ, ನೀರಿನ ಹಾಗೆ ಹರಿದು ಕೂತಿತು!

ಎದ್ದಾಗ ಮೇಜಿನ ಕೆಳಗೆ ಬರೀ ವೈರ್ ಚೂರು. ಬಹುಪಾಲು ನಂದೇ. ಆ ಕಡೆ ಈ ಕಡೆ ನೋಡಿದೆ. ಯಾರೂ ಏನೂ ಹೇಳಲಿಲ್ಲ. ಸುಮ್ನೆ ಪೊರಕೆ ತಗೊಂಡು ಗುಡಿಸಿದೆ.

ಅಮ್ಮನಿಗೆ ಮಾತ್ರ ಯಾರೂ ಹೇಳಬೇಡಿ.