ಹೈಡ್ರಿಲ್ಲಾ ಎಲೆಯೊಳಗಿನ ಓಡಾಟ

ಎಲೆಯ ಕೋಶದೊಳಗೆ ಬೆಳಕಿನಿಂದ ಆಹಾರ ತಯಾರಿಸುವ ಹಸಿರು ಭಾಗವಾದ ಕ್ಲೋರೋಪ್ಲಾಸ್ಟ್ ಚಿತ್ರವನ್ನು ಕಪ್ಪು ಹಲಗೆಯ ಮೇಲೆ ಬರೆದು ಬರೆದು ನನಗೇ ಬೇಸರ ಬಂದಿತ್ತು. ಮೊಟ್ಟೆಯಾಕಾರದ ಎರಡು ಪೊರೆ, ಒಳಗೆ ನಾಣ್ಯ ಪೇರಿಸಿಟ್ಟಂತೆ ಗ್ರಾನಾ ಎಂಬ ಪೊರೆಗಳ ಅಟ್ಟಿ, ಸುತ್ತ ಸ್ಟ್ರೋಮಾ ಎಂಬ ದ್ರವ. ಮಕ್ಕಳು ಅದನ್ನು ನಕಲು ಮಾಡಿ, ಭಾಗಗಳನ್ನು ಗುರುತಿಸಿ, ಅಂಕ ಗಿಟ್ಟಿಸಿಕೊಳ್ಳುತ್ತಾರೆ. ಅಲ್ಲಿಗೆ ಪಾಠ ಮುಗಿಯುತ್ತದೆ. ಒಂದು ಶನಿವಾರ ಊರ ಕೆರೆಯಿಂದ ಹೈಡ್ರಿಲ್ಲಾ ಎಂಬ ನೀರುಗಿಡವನ್ನು ಒಂದು ಹಿಡಿ ತರಿಸಿದೆ.

ಹೈಡ್ರಿಲ್ಲಾ ಎಲೆಯ ದಪ್ಪ ಬಹುತೇಕ ಎರಡೇ ಜೀವಕೋಶಗಳಷ್ಟು. ಬ್ಲೇಡಿನಿಂದ ಕೊಯ್ಯುವ, ಬಣ್ಣ ಹಾಕುವ ಗೋಜಿಲ್ಲ. ತುದಿಯ ಎಳೆ ಎಲೆಯೊಂದನ್ನು ಚಿವುಟಿ, ಒಂದು ತೊಟ್ಟು ನೀರಿನಲ್ಲಿಟ್ಟು, ಕವರ್ ಸ್ಲಿಪ್ ಮುಚ್ಚಿ ಸೂಕ್ಷ್ಮದರ್ಶಕದಡಿ ಇಟ್ಟೆ. ಮೊದಲು ಕಂಡದ್ದು ಕೋಶಗಳ ಸಾಲು, ಅವುಗಳ ಅಂಚಿಗೆ ಅಂಟಿ ಕುಳಿತ ಹಸಿರು ಕಾಳುಗಳು, ಅಂದರೆ ಕ್ಲೋರೋಪ್ಲಾಸ್ಟ್‌ಗಳು. ದೀಪದ ಕಾವು ತಗಲಿ ಕೆಲವು ನಿಮಿಷ ಕಳೆದ ಮೇಲೆ ನಡುನರದ ಬಳಿ ಒಂದು ಕಾಳು ಜರುಗಿತು. ಅದರ ಹಿಂದೆ ಇನ್ನೊಂದು. ನೋಡನೋಡುತ್ತಲೇ ಎಲ್ಲವೂ ಗೋಡೆಯ ಪಕ್ಕದಲ್ಲಿ ಒಂದೇ ದಿಕ್ಕಿಗೆ ಸುತ್ತತೊಡಗಿದವು.

"ಸರ್, ಇವು ಹುಳುಗಳೇ?" ಎಂದಳು ಒಬ್ಬಳು. ಉಳಿದವರು ನಕ್ಕರು.

ನಗುವ ಪ್ರಶ್ನೆಯಲ್ಲ ಅದು. ಅವು ತಾವಾಗಿ ಈಜುತ್ತಿಲ್ಲ, ಕೋಶದ್ರವ್ಯದ ಹರಿವು ಅವನ್ನು ಹೊತ್ತೊಯ್ಯುತ್ತಿದೆ, ನಿಜ. ಆದರೆ ನೂರು ಕೋಟಿ ವರ್ಷಗಳಿಗೂ ಹಿಂದೆ ಇವುಗಳ ಪೂರ್ವಜ ಸ್ವತಂತ್ರವಾಗಿ ಬದುಕಿದ್ದ ಸಯನೋಬ್ಯಾಕ್ಟೀರಿಯಾ, ಅಂದರೆ ಬೆಳಕಿನಿಂದ ಆಹಾರ ತಯಾರಿಸುವ ಬ್ಯಾಕ್ಟೀರಿಯಾ. ಇನ್ನೊಂದು ಕೋಶದೊಳಗೆ ಹೊಕ್ಕದ್ದು ಅಲ್ಲೇ ಉಳಿದುಬಿಟ್ಟಿತು. ಜೀವವಿಜ್ಞಾನಿ ಲಿನ್ ಮಾರ್ಗುಲಿಸ್ 1967ರಲ್ಲಿ ಈ ವಾದವನ್ನು ವಿವರವಾಗಿ ಮಂಡಿಸಿದಾಗ ನಂಬಿದವರು ಕಡಿಮೆ. ಇಂದಿಗೂ ಕ್ಲೋರೋಪ್ಲಾಸ್ಟಿಗೆ ತನ್ನದೇ ಡಿಎನ್‌ಎ ಇದೆ, ಪ್ರೋಟೀನು ತಯಾರಿಸುವ ತನ್ನದೇ ರೈಬೋಸೋಮ್ ಇದೆ. ಅದು ಹುಟ್ಟುವುದು ಇನ್ನೊಂದು ಕ್ಲೋರೋಪ್ಲಾಸ್ಟ್ ಅಥವಾ ಅದರ ಎಳೆಯ ರೂಪ ಇಬ್ಭಾಗವಾಗಿಯೇ. ಆದರೆ ಬಹುಪಾಲು ಜೀನ್‌ಗಳನ್ನು ಕೋಶಕೇಂದ್ರಕ್ಕೆ ಒಪ್ಪಿಸಿರುವುದರಿಂದ ಹೊರಗೆ ಹೋಗಿ ಬದುಕಲಾರದು.

"ಗ್ರಾನಾ ಎಲ್ಲಿ ಸರ್?" ಎಂದು ಮತ್ತೊಬ್ಬನ ತಕರಾರು. 5ರಿಂದ 10 ಮೈಕ್ರೋಮೀಟರ್ ಉದ್ದದ ಕಾಳಿನ ಒಳಮನೆ ನಮ್ಮ ಶಾಲೆಯ ಸೂಕ್ಷ್ಮದರ್ಶಕಕ್ಕೆ ದಕ್ಕುವಂಥದ್ದಲ್ಲ. ಒಳಗನ್ನು ತೋರಿಸಲಾಗದಿದ್ದರೆ ಕೆಲಸವನ್ನಾದರೂ ತೋರಿಸೋಣ ಎಂದು ಪಾಲಕ್ ಸೊಪ್ಪನ್ನು ಜಜ್ಜಿ ಸ್ಪಿರಿಟ್‌ನಲ್ಲಿ ನೆನೆಸಿ ಸೋಸಿದೆ. ಎಲೆಯ ಹಸಿರು ವರ್ಣದ್ರವ್ಯವಾದ ಪತ್ರಹರಿತ್ತು ಕರಗಿದ ಕಡುಹಸಿರು ದ್ರಾವಣ. ಕಿಟಕಿ ಮುಚ್ಚಿ, ನೋಟು ಪರೀಕ್ಷಿಸುವ ನೇರಳಾತೀತ ಟಾರ್ಚ್ ಹಿಡಿದಾಗ ಅದು ರಕ್ತಗೆಂಪಾಗಿ ಹೊಳೆಯಿತು. ತರಗತಿಯಲ್ಲಿ ಗದ್ದಲವೋ ಗದ್ದಲ.

ಟಾರ್ಚ್ ಕಸಿದುಕೊಂಡ ಹುಡುಗನೊಬ್ಬ ಅದನ್ನು ಇಡಿಯ ಎಲೆಯೊಂದಕ್ಕೆ ಹಿಡಿದು, "ಇದು ಹಾಗೆ ಹೊಳೆಯುತ್ತಿಲ್ಲವಲ್ಲ?" ಎಂದ. ನನಗೆ ಬೇಕಿದ್ದದ್ದೇ ಅದು. ಜೀವಂತ ಎಲೆಯಲ್ಲಿ ಗ್ರಾನಾ ಆಗಿ ಪೇರಿಸಿಕೊಂಡ ಥೈಲಕಾಯ್ಡ್ ಎಂಬ ಪೊರೆಯಲ್ಲಿ ಪತ್ರಹರಿತ್ತು ಹೀರಿದ ಶಕ್ತಿಯನ್ನು ಪಕ್ಕದ ಅಣು ಕೂಡಲೇ ಪಡೆದುಕೊಳ್ಳುತ್ತದೆ. ಅದರ ಬಲದಿಂದಲೇ ನೀರು ಒಡೆದು ಆಮ್ಲಜನಕ ಹೊರಬೀಳುತ್ತದೆ, ಮುಂದೆ ಸ್ಟ್ರೋಮಾದಲ್ಲಿ ಇಂಗಾಲದ ಡೈಆಕ್ಸೈಡ್ ಸಕ್ಕರೆಯಾಗುತ್ತದೆ. ಕೆಂಪು ಬೆಳಕಾಗಿ ಸೋರಿಹೋಗುವುದು ನೂರರಲ್ಲಿ ಒಂದೆರಡು ಪಾಲು ಮಾತ್ರ. ಸ್ಪಿರಿಟ್‌ನಲ್ಲಿ ಪೊರೆಯೇ ಚದುರಿರುತ್ತದೆ. ಪಡೆದ ಶಕ್ತಿಯನ್ನು ಕೊಡಲು ಪಕ್ಕದಲ್ಲಿ ಯಾರೂ ಇರುವುದಿಲ್ಲ.